ಹಳೇ ಸಿಜೆ-3ಬಿ ಜೀಪಿಗೆ ಐದು ಗೇರಿನ ಬಾಕ್ಸ್ ಕೂರುತ್ತದಾ?

ಹ್ಯಾಂಡ್‌ಪೋಸ್ಟ್ ಹುಡುಗ:

ಎಲ್ಲರಿಗೂ ನಮಸ್ಕಾರ. ನಮ್ಮದು ಬಾಳೂರು ಕಡೆ ಸಣ್ಣ ಕಾಫಿ ತೋಟ. ಮನೆಯಲ್ಲಿ 1965ರ ಪೆಟ್ರೋಲ್ ಜೀಪಿದೆ. ಮಹೀಂದ್ರ ಸಿಜೆ-3ಬಿ, ಬಾನೆಟ್ ಎತ್ತರ ಇರುವುದು. ಅಜ್ಜ ಒಂದು ಎಸ್ಟೇಟಿನವರಿಂದ ತೆಗೆದುಕೊಂಡಿದ್ದರು. ಎಂಜಿನ್ ಅದೇ ಹಳೇ ಹರಿಕೇನ್, ಆರೋಗ್ಯವಾಗಿದೆ. ಮಳೆಗಾಲದಲ್ಲೂ ಸೆಲ್ಫ್ ಹೊಡೆದ ಕೂಡಲೇ ಸ್ಟಾರ್ಟ್ ಆಗುತ್ತದೆ.

ತಲೆನೋವು ಪೂರ್ತಿ ಗೇರ್ ಬಾಕ್ಸಿನದು. ಮೂರು ಗೇರಿನ ಟಿ-90. ನಿಂತಲ್ಲಿಂದ ಫಸ್ಟ್ ಹಾಕಿದರೆ ಕರ್ರ್ ಅನ್ನುತ್ತದೆ. ಚಾರ್ಮಾಡಿ ಇಳಿಯುವಾಗ ಸೆಕೆಂಡಿನಲ್ಲಿ ಇಟ್ಟು ಆಕ್ಸಿಲರೇಟರ್ ಬಿಟ್ಟರೆ ಲಿವರ್ ತಾನಾಗಿ ನ್ಯೂಟ್ರಲ್ಲಿಗೆ ಹಾರುತ್ತದೆ. ಆ ತಿರುವುಗಳಲ್ಲಿ, ಹಿಂದೆ ಗೊಬ್ಬರದ ಚೀಲ ಇಟ್ಟುಕೊಂಡು, ಹೀಗಾದರೆ ಜೀವ ಬಾಯಿಗೆ ಬರುತ್ತದೆ. ಈಗ ಒಂದು ಕೈಯಲ್ಲಿ ಸ್ಟೇರಿಂಗ್, ಇನ್ನೊಂದರಲ್ಲಿ ಲಿವರ್ ಒತ್ತಿ ಹಿಡಿದು ಇಳಿಯುವುದೇ ಅಭ್ಯಾಸವಾಗಿದೆ. ಇನ್ನು ಹಾಸನದ ಕಡೆ ಹೊರಟರೆ ಅರವತ್ತು ದಾಟುವಾಗಲೇ ಎಂಜಿನ್ ಬೊಬ್ಬೆ ಹಾಕುತ್ತದೆ.

ಒಂದು ಗ್ಯಾರೇಜಿನವರು ಹೇಳಿದ್ದು: ಹೊಸ ಕಾಲದ ಜೀಪಿನ ಐದು ಗೇರಿನ ಬಾಕ್ಸ್ ಗುಜರಿಯಲ್ಲಿ ಸಿಗುತ್ತದೆ, ಅದರದೇ ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಚಕ್ರಗಳಿಗೆ ಎಳೆತ ಹಂಚುವ ಪೆಟ್ಟಿಗೆ) ಸಮೇತ. "ಡೈರೆಕ್ಟ್ ಕೂತ್ಕೊಳ್ಳುತ್ತೆ, ಒಂದೂಕಾಲು ಲಕ್ಷ ಆಗುತ್ತೆ, ಅರ್ಧ ಈಗಲೇ ಕೊಡಿ" ಅಂದರು. ಅಪ್ಪ ಬೇಡ ಅನ್ನುತ್ತಾರೆ. ಅವರ ಪ್ರಕಾರ ನಾನು ಓಡಿಸುವುದೇ ಸರಿಯಿಲ್ಲ.

ಯಾರಾದರೂ ಈ ಕೆಲಸ ಮಾಡಿಸಿದ್ದೀರಾ? ನಿಜವಾಗಿ ಹಾಗೇ ಕೂರುತ್ತದಾ? ಆರ್‌ಸಿಗೆ ಏನಾದರೂ ತೊಂದರೆ ಬರುತ್ತದಾ?

ಟರ್ಬೊ ತೀರ್ಥಹಳ್ಳಿ:

ಗೇರ್ ಬಾಕ್ಸ್ ಮಾತ್ರ ಯಾಕೆ ಬ್ರದರ್? ಡೀಸೆಲ್ ಎಂಜಿನ್ ಸಮೇತ ಹಾಕಿಸಿಬಿಡಿ. ಪೆಟ್ರೋಲ್ ಜೀಪಿಗೆ ಈಗ ಯಾರು ಎಣ್ಣೆ ಹಾಕುತ್ತಾರೆ? ಎಂಜಿನ್ನು, ಬಾಕ್ಸು ಒಂದೇ ಗಾಡಿಯದಾದರೆ ಜೋಡಿಸುವ ಗೋಳೂ ಇರುವುದಿಲ್ಲ. ನಮ್ಮ ಕಡೆ ಎಲ್ಲ ಹಾಗೇ ಮಾಡಿರುವುದು.

ಲೇತ್ ಭಟ್ಟ, ಸಾಗರ:

ಕೂರುತ್ತದಾ ಅಂದರೆ, ವೆಲ್ಡಿಂಗ್ ಸೆಟ್ ಇದ್ದವನಿಗೆ ಎಲ್ಲವೂ ಕೂರುತ್ತದೆ ಮಾರಾಯ್ರೇ. ಕೂತ ಮೇಲೆ ಏನಾಗುತ್ತದೆ ಅನ್ನುವುದು ಬೇರೆ ಕಥೆ. ಹಣ ಕೊಟ್ಟಿಲ್ಲ ತಾನೇ? ಕೊಡಬೇಡಿ.

ನೀವು ಹೇಳಿದ್ದು ಮೂರು ಬೇರೆ ಬೇರೆ ಕಾಯಿಲೆ. ಮೂರಕ್ಕೂ ಒಂದೇ ಔಷಧಿ ಅಂತ ಐದು ಗೇರು ತರಲು ಹೊರಟಿದ್ದೀರಿ.

ಫಸ್ಟ್ ಕರ್ರ್ ಅನ್ನುವುದು ಕಾಯಿಲೆಯೇ ಅಲ್ಲದಿರಬಹುದು. ಟಿ-90 ಬಾಕ್ಸಿನಲ್ಲಿ ಸೆಕೆಂಡ್ ಮತ್ತು ಟಾಪಿಗೆ ಮಾತ್ರ ಸಿಂಕ್ರೊ, ಅಂದರೆ ಗೇರುಗಳ ವೇಗ ಹೊಂದಿಸಿ ಸದ್ದಿಲ್ಲದೆ ಕೂರಿಸುವ ರಿಂಗು, ಇದೆ. ಫಸ್ಟಿಗೆ, ರಿವರ್ಸಿಗೆ ಇಲ್ಲ, ಹುಟ್ಟಿನಿಂದಲೇ ಇಲ್ಲ. ನಿಂತಾಗ ಕ್ಲಚ್ ಒತ್ತಿ ಮೊದಲು ಲಿವರನ್ನು ಸೆಕೆಂಡಿನ ಕಡೆಗೆ ತಂದು, ಆಮೇಲೆ ಫಸ್ಟಿಗೆ ಹಾಕಿ. ಸೆಕೆಂಡಿನ ಸಿಂಕ್ರೊ ಒಳಗೆ ತಿರುಗುತ್ತಿರುವ ಗೇರುಗಳನ್ನು ನಿಲ್ಲಿಸುತ್ತದೆ, ಫಸ್ಟ್ ಸದ್ದಿಲ್ಲದೆ ಬೀಳುತ್ತದೆ. ಹಳೇ ಡ್ರೈವರುಗಳೆಲ್ಲ ಹೀಗೇ ಮಾಡುತ್ತಿದ್ದರು, ನಿಮ್ಮ ಅಪ್ಪನೂ ಮಾಡುತ್ತಿರಬೇಕು, ಕೇಳಿ ನೋಡಿ. ಇಷ್ಟಾದರೂ ಕರ್ರ್ ಅಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಅಂತ ಅರ್ಥ. ಪೆಡಲಿಗೆ ಒಂದು ಇಂಚಿನಷ್ಟು ಫ್ರೀ ಪ್ಲೇ ಬಿಟ್ಟು ಲಿಂಕೇಜ್ ಸರಿ ಮಾಡಿ. ಕ್ರಾಸ್ ಶಾಫ್ಟಿನ ಎರಡೂ ತುದಿ ಸವೆದು ಲೊಡಲೊಡ ಆಡುತ್ತಿದ್ದರೆ ಎಷ್ಟು ಒತ್ತಿದರೂ ಕ್ಲಚ್ ಬಿಡುವುದಿಲ್ಲ.

ಸೆಕೆಂಡ್ ಹಾರುವುದು ನಿಜವಾದ ಕಾಯಿಲೆ. ಘಾಟಿಯಲ್ಲಿ ಅದು ತಮಾಷೆ ಅಲ್ಲ, ಸರಿ ಆಗುವ ತನಕ ಚಾರ್ಮಾಡಿಗೆ ಆ ಗಾಡಿ ಒಯ್ಯಬೇಡಿ. ಬಾಕ್ಸ್ ಇಳಿಸುವ ಮೊದಲೇ ನೋಡಬಹುದಾದದ್ದು ಕೆಲವಿದೆ. ಬೆಲ್ ಹೌಸಿಂಗಿಗೆ (ಎಂಜಿನ್ನಿಗೂ ಬಾಕ್ಸಿಗೂ ನಡುವೆ ಕ್ಲಚ್ ಮುಚ್ಚುವ ಕವಚ) ಬಾಕ್ಸ್ ಕಚ್ಚಿಸಿರುವ ಬೋಲ್ಟುಗಳು ಬಿಗಿ ಇವೆಯಾ? ಅಲ್ಲಿ ಒಂದು ಕೂದಲೆಳೆ ಸಡಿಲವಾದರೂ ಇನ್‌ಪುಟ್ ಶಾಫ್ಟು ಮತ್ತು ಮೇನ್ ಶಾಫ್ಟು ಒಂದೇ ಗೆರೆಯಲ್ಲಿ ನಿಲ್ಲುವುದಿಲ್ಲ, ಗೇರ್ ತನ್ನಷ್ಟಕ್ಕೆ ಹೊರಗೆ ನಡೆಯುತ್ತದೆ. ಆಮೇಲೆ ಟ್ರಾನ್ಸ್‌ಫರ್ ಕೇಸಿನ ಹಿಂದೆ ಪಿಟಿಒ (ಬೇರೆ ಯಂತ್ರ ಓಡಿಸಲು ಶಕ್ತಿ ತೆಗೆಯುವ) ಕಿಂಡಿಯ ಕವರ್ ಇರುತ್ತದೆ, ಅದನ್ನು ಬಿಚ್ಚಿ. ಒಳಗೆ ಕಾಣುವ ದೊಡ್ಡ ನಟ್ಟು ಗೇರ್ ಬಾಕ್ಸಿನ ಮೇನ್ ಶಾಫ್ಟನ್ನು ಹಿಡಿದಿಡುವುದು. ಅದು ಸಡಿಲವಾಗಿದ್ದರೆ ಇಡೀ ಶಾಫ್ಟು ಹಿಂದೆ ಮುಂದೆ ಆಡುತ್ತದೆ. ಇದನ್ನು ನೋಡದೆ ಬಾಕ್ಸ್ ಬಿಚ್ಚಿದವರು ಬಹಳ ಜನ. ಕೊನೆಗೆ ಮೇಲಿನ ಕವರ್ ಎತ್ತಿ ಸೆಲೆಕ್ಟರ್ ರಾಡಿನ ಬಾಲ್ ಮತ್ತು ಸ್ಪ್ರಿಂಗ್ ನೋಡಿ. ಸ್ಪ್ರಿಂಗ್ ಮುರಿದಿದ್ದರೆ, ಅಥವಾ ಬಾಲ್ ಕೂರುವ ಕಚ್ಚು ಸವೆದಿದ್ದರೆ, ಗೇರನ್ನು ಹಿಡಿಯುವವರೇ ಇಲ್ಲ.

ಇದೆಲ್ಲ ಸರಿ ಇದ್ದೂ ಹಾರಿದರೆ, ಸೆಕೆಂಡ್ ಗೇರಿನ ಹಲ್ಲು ಮತ್ತು ಅದನ್ನು ಶಾಫ್ಟಿಗೆ ಕಚ್ಚಿಸುವ ಸ್ಲೀವಿನ ಹಲ್ಲು ಉರುಟಾಗಿವೆ. ಆಗ ಬಾಕ್ಸ್ ಇಳಿಸಲೇಬೇಕು.

ಇನ್ನು ಹೈವೇ. ಪೆನ್ಸಿಲ್ ತೆಗೆದುಕೊಳ್ಳಿ. ಸಿಜೆ-3ಬಿಯ ಮೂಲ ಆಕ್ಸಲ್ 5.38, ಅಂದರೆ ಪ್ರೊಪೆಲ್ಲರ್ ಶಾಫ್ಟ್ 5.38 ಸುತ್ತಿದರೆ ಚಕ್ರ ಒಂದು ಸುತ್ತು. ಟಾಪ್ ಗೇರ್ ನೇರ, ಅಂದರೆ 1. ಆರು-ಹದಿನಾರು ಟಯರಿನ ಎತ್ತರ ಸುಮಾರು 28 ಇಂಚು, ಒಂದು ಸುತ್ತಿಗೆ ಎರಡೂಕಾಲು ಮೀಟರ್ ಹತ್ತಿರ. ಎಂಜಿನ್ 3000 ಸುತ್ತು ತಿರುಗಿದಾಗ ಗಾಡಿ ಗಂಟೆಗೆ 75 ಕಿಲೋಮೀಟರ್. ಅರವತ್ತಕ್ಕೆ 2400. ಕೇಳಿದರೆ ಇದೇನೂ ಜಾಸ್ತಿ ಅನಿಸುವುದಿಲ್ಲ. ಆದರೆ ಹರಿಕೇನ್ ಎಂಜಿನ್ನಿನ ಬೋರ್ 79 ಮಿಲಿಮೀಟರ್, ಸ್ಟ್ರೋಕ್ 111. ಪಿಸ್ಟನ್ ಅಷ್ಟು ದೂರ ಹೋಗಿ ಬರಬೇಕು. ಎಳೆಯುವ ಶಕ್ತಿ ಪೂರ್ತಿ ಸಿಗುವುದು 2000ದ ಹತ್ತಿರವೇ. ಅದು ಓಟಕ್ಕೆ ಮಾಡಿದ ಎಂಜಿನ್ನೇ ಅಲ್ಲ, ಎಳೆಯಲು ಮಾಡಿದ್ದು.

ಈಗ ಐದನೇ ಗೇರ್ 0.85 ಅಂತ ಹಿಡಿಯಿರಿ. ಅದೇ 3000ಕ್ಕೆ 88 ಬರುತ್ತದೆ. ಬಂತು, ನಿಲ್ಲಿಸುವುದು ಯಾವುದರಿಂದ? ನಾಲ್ಕೂ ಕಡೆ 9 ಇಂಚಿನ ಡ್ರಮ್ಮು, ಬೂಸ್ಟರ್ ಇಲ್ಲ, ಮಾಸ್ಟರ್ ಸಿಲಿಂಡರಿನಿಂದ ಒಂದೇ ಲೈನು. ಲೀಕ್ ಆದರೆ ನಾಲ್ಕೂ ಹೋಯಿತು. ಹ್ಯಾಂಡ್ ಬ್ರೇಕ್ ಇರುವುದು ಟ್ರಾನ್ಸ್‌ಫರ್ ಕೇಸಿನ ಹಿಂದೆ, ಪ್ರೊಪೆಲ್ಲರ್ ಶಾಫ್ಟಿನ ಮೇಲೆ. ಹಿಂದಿನ ಯುಜೆ ಕ್ರಾಸ್ (ಆ ಶಾಫ್ಟಿನ ತುದಿಯ ಮಡಚುವ ಕೀಲು) ಮುರಿದರೆ ಅದೂ ಇಲ್ಲ.

ಗ್ಯಾರೇಜಿನವರು ಹೇಳದ ಮುಖ್ಯ ಮಾತು ಟ್ರಾನ್ಸ್‌ಫರ್ ಕೇಸಿನದು. ನಿಮ್ಮ ಜೀಪಿನಲ್ಲಿರುವುದು ಸ್ಪೈಸರ್ 18. ಅದರ ಹಿಂದಿನ ಶಾಫ್ಟ್ ಗಾಡಿಯ ನಡುವಿನಿಂದ ಹೊರಡುವುದಿಲ್ಲ, ಒಂದು ಪಕ್ಕಕ್ಕೆ ಸರಿದು ಹೊರಡುತ್ತದೆ. ಹಿಂದಿನ ಆಕ್ಸಲಿನ ಗುಂಡೂ (ಡಿಫರೆನ್ಷಿಯಲ್) ಅದಕ್ಕೆ ಸರಿಯಾಗಿ ಅದೇ ಪಕ್ಕದಲ್ಲಿದೆ. ಅವರು ತರುವ ಟ್ರಾನ್ಸ್‌ಫರ್ ಕೇಸಿನ ಹಿಂದಿನ ಶಾಫ್ಟ್ ನಡುವಿನಿಂದ ಹೊರಡುವುದಾದರೆ ಹಿಂದಿನ ಆಕ್ಸಲ್ಲೂ ಬದಲಾಗಬೇಕು. ಆಗ ರೇಷಿಯೋ ಬೇರೆ ಆಗುತ್ತದೆ, ಮುಂದಿನದೂ ಬದಲಾಗಬೇಕು. ಒಂದೂಕಾಲು ಲಕ್ಷ ಅಲ್ಲಿಗೆ ಮುಗಿಯುತ್ತದಾ?

ಸ್ಪೈಸರ್ 18 ಉಳಿಸಿಕೊಂಡು ಬಾಕ್ಸ್ ಮಾತ್ರ ಹಾಕುತ್ತೇವೆ ಅಂದರೂ ಕೆಲಸ ಕಡಿಮೆ ಇಲ್ಲ. ಟಿ-90 ಗಿಡ್ಡ ಬಾಕ್ಸ್, ಅದರ ಮೇನ್ ಶಾಫ್ಟೇ ನೇರ ಟ್ರಾನ್ಸ್‌ಫರ್ ಕೇಸಿನೊಳಗೆ ಹೋಗುತ್ತದೆ. ಹೊಸ ಬಾಕ್ಸಿನ ಶಾಫ್ಟಿನ ಸ್ಪ್ಲೈನ್ (ಶಾಫ್ಟಿನ ಮೇಲಿನ ಉದ್ದ ಹಲ್ಲುಗಳು) ಬೇರೆ, ಮುಖದ ಬೋಲ್ಟ್ ತೂತು ಬೇರೆ. ಮುಂದೊಂದು ಅಡಾಪ್ಟರ್ ಪ್ಲೇಟು, ಹಿಂದೊಂದು ಪ್ಲೇಟು. ಐದಾರು ಇಂಚು ಉದ್ದ ಹೆಚ್ಚಾಯಿತು ಅನ್ನಿ. ನಿಮ್ಮ ಗಾಡಿಯ ವೀಲ್ ಬೇಸ್ 80 ಇಂಚು. ಮೊದಲೇ ಗಿಡ್ಡ ಇರುವ ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ಇನ್ನೂ ಅಷ್ಟು ಗಿಡ್ಡವಾಗಬೇಕು. ಕೋನ ಕಡಿದಾಗುತ್ತದೆ, ಯುಜೆ ಕ್ರಾಸ್ ಒಂದು ಮಳೆಗಾಲ ತಡೆಯುವುದಿಲ್ಲ. ಗೇರ್ ಲಿವರ್ ಸೀಟಿನ ಸಂದಿಗೆ ಬರುತ್ತದೆ, ಫ್ಲೋರ್ ಕತ್ತರಿಸಬೇಕು. ಸ್ಪೀಡೋಮೀಟರ್ ಕೇಬಲ್ ಮಾತ್ರ ಬಚಾವ್, ಅದು ಟ್ರಾನ್ಸ್‌ಫರ್ ಕೇಸಿನಿಂದ ಬರುವುದು.

ಹಾಗಂತ ಈ ಕೆಲಸ ಮಾಡಲೇಬಾರದು ಅಂತಲ್ಲ. ನಾನೇ ಮಾಡಿ ಕೊಟ್ಟಿದ್ದೇನೆ. ಮಾಡಿಸಿಕೊಂಡವರಿಗೆ ಏನು ಬೇಕು ಅನ್ನುವುದು ಗೊತ್ತಿತ್ತು. ತೋಟದ ಏರಿನಲ್ಲಿ ಮರದ ದಿಮ್ಮಿ ಎಳೆಯಬೇಕು, ಫಸ್ಟ್ ಇನ್ನೂ ನಿಧಾನ ಬೇಕು ಅಂತ ಬಂದವರು. ಅದಕ್ಕೆ ಐದನೇ ಗೇರ್ ಅಲ್ಲ, ಫಸ್ಟ್ ಗೇರ್ ನೋಡಿ ಬಾಕ್ಸ್ ಆರಿಸಬೇಕು. ನಿಮ್ಮದರಲ್ಲಿ ಈಗ ಫಸ್ಟ್ 2.798, ಟ್ರಾನ್ಸ್‌ಫರ್ ಕೇಸಿನ ಲೋ 2.46, ಆಕ್ಸಲ್ 5.38. ಗುಣಿಸಿದರೆ 37. ಫಸ್ಟ್ 3.8 ಇರುವ ಬಾಕ್ಸ್ ಹಾಕಿದರೆ 50 ಆಗುತ್ತದೆ. ಎಂಜಿನ್ ಐಡ್ಲಿಂಗಿನಲ್ಲೇ ನಡಿಗೆಗಿಂತ ನಿಧಾನಕ್ಕೆ ಹತ್ತುತ್ತದೆ. ಅದು ಸಿಗುವ ಲಾಭ. ಅದು ನಿಮಗೆ ಬೇಕಾ ಅಂತ ನೀವು ಹೇಳಿಲ್ಲ.

ಮೊದಲು ನಿಮ್ಮ ಆಕ್ಸಲ್ ಯಾವುದು ಅಂತ ಖಾತ್ರಿ ಮಾಡಿಕೊಳ್ಳಿ. ಇಷ್ಟು ವರ್ಷದಲ್ಲಿ ಯಾರು ಏನು ಬದಲಾಯಿಸಿದ್ದಾರೋ. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಗೇರ್ ನ್ಯೂಟ್ರಲ್ ಮಾಡಿ, ಹ್ಯಾಂಡ್ ಬ್ರೇಕ್ ಬಿಟ್ಟು, ಹಿಂದಿನ ಒಂದು ಚಕ್ರ ಮಾತ್ರ ಜಾಕಿನಲ್ಲಿ ಎತ್ತಿ. ಆ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ. ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತಿತು ಎಣಿಸಿ. ಐದು ದಾಟಿ ಮೂರನೇ ಒಂದರಷ್ಟು ಹೋದರೆ 5.38. ಐದಕ್ಕಿಂತ ಸ್ವಲ್ಪ ಕಡಿಮೆ ಬಂದರೆ 4.88. ಎಣಿಸಿ ಹೇಳಿ, ಆಮೇಲೆ ಮಾತಾಡೋಣ.

ಫೈಲು ಸಂಖ್ಯೆ 15:

ಆರ್‌ಸಿ ಬಗ್ಗೆ ಕೇಳಿದ್ದಕ್ಕೆ ಹೇಳುತ್ತೇನೆ, ಗಾಡಿ ಬಗ್ಗೆ ನನಗೆ ಅಷ್ಟು ತಿಳಿಯದು. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ, ಕಂಪನಿ ಮೂಲದಲ್ಲಿ ಕೊಟ್ಟು ಆರ್‌ಸಿಯಲ್ಲಿ ನಮೂದಾಗಿರುವ ವಿವರಕ್ಕಿಂತ ಗಾಡಿ ಬೇರೆಯಾಗುವಂತೆ ಬದಲಾಯಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿತು. ಆರ್‌ಸಿಯಲ್ಲಿ ಎಂಜಿನ್ ನಂಬರ್, ಚಾಸಿ ನಂಬರ್, ಇಂಧನ, ಸಿಸಿ ಇವೆ. ಗೇರ್ ಬಾಕ್ಸ್ ಎಷ್ಟು ಗೇರಿನದು ಅನ್ನುವ ಕಾಲಂ ಇಲ್ಲ.

ಹಾಗಾಗಿ ಟರ್ಬೊ ಅವರು ಹೇಳಿದ ಡೀಸೆಲ್ ಎಂಜಿನ್ ಕಥೆ ಬೇರೆಯೇ. ಎಂಜಿನ್ ನಂಬರ್, ಇಂಧನ, ಸಿಸಿ ಮೂರೂ ಬದಲಾಗುತ್ತದೆ. ಮೊದಲೇ ಆರ್‌ಟಿಒ ಅನುಮತಿ ಇಲ್ಲದೆ ಕೈ ಹಾಕಬೇಡಿ. ನಿಮ್ಮದು ಹಳೇ ಗಾಡಿ, 5 ವರ್ಷಕ್ಕೊಮ್ಮೆ ರಿನ್ಯೂವಲ್ಲಿಗೆ ಇನ್‌ಸ್ಪೆಕ್ಟರ್ ಎದುರು ನಿಲ್ಲಿಸಲೇಬೇಕು. ಅಲ್ಲಿ ಎಂಜಿನ್ ನಂಬರ್ ಉಜ್ಜಿ ನೋಡುತ್ತಾರೆ. ಅಪಘಾತ ಆಗಿ ಇನ್ಶೂರೆನ್ಸ್ ಸರ್ವೇಯರ್ ಬಂದರೆ ಅವರೂ ನೋಡುತ್ತಾರೆ. ಚಾಸಿ ಕತ್ತರಿಸಿ ವೆಲ್ಡ್ ಮಾಡುವ ಕೆಲಸವನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ.

ಟರ್ಬೊ ತೀರ್ಥಹಳ್ಳಿ:

ಸರಿ ಸರಿ, ಡೀಸೆಲ್ ಮಾತು ವಾಪಸ್. ಆದರೆ ಭಟ್ರೇ, ಇಷ್ಟು ಲೆಕ್ಕ ಹಾಕಿ ಜೀಪ್ ಓಡಿಸುವವರನ್ನು ನಾನು ನೋಡಿಲ್ಲ.

ಡೆನ್ವರ್ ದಾವಣಗೆರೆ:

ನಾನಿರುವುದು ಅಮೆರಿಕದ ಕೊಲೊರಾಡೊದಲ್ಲಿ. ಹುಟ್ಟೂರು ದಾವಣಗೆರೆ. ಇಲ್ಲಿ ಇದರ ಉಲ್ಟಾ ಕೆಲಸ ಜಾಸ್ತಿ ನಡೆಯುತ್ತದೆ. ಆಟೋಮ್ಯಾಟಿಕ್ ಬಿಚ್ಚಿ ಮ್ಯಾನ್ಯುವಲ್ ಹಾಕುವುದು. ನನ್ನ 1977ರ ಷೆವ್ರೋಲೆ ಕೆ10 ಪಿಕಪ್ಪಿಗೆ ಅದನ್ನೇ ಮಾಡಿದೆ. ಬಂದದ್ದು ಟಿಎಚ್350 ಆಟೋಮ್ಯಾಟಿಕ್ ಜೊತೆ, ಮೂರು ಗೇರು. ಈಗ ಇರುವುದು ಎಸ್‌ಎಂ465, ನಾಲ್ಕು ಗೇರಿನ ಎರಕದ ಬಾಕ್ಸು. ಒಬ್ಬರೇ ಎತ್ತುವ ಮಾತಿಲ್ಲ.

ಅದರ ಫಸ್ಟ್ 6.55. ಖಾಲಿ ಗಾಡಿಯಲ್ಲಿ ಫಸ್ಟ್ ಮುಟ್ಟುವುದೇ ಬೇಡ, ಸೆಕೆಂಡಿನಲ್ಲೇ ಹೊರಡುವುದು. ಹಿಮದ ಇಳಿಜಾರಿನಲ್ಲಿ, ಕಲ್ಲಿನ ದಾರಿಯಲ್ಲಿ ಬ್ರೇಕ್ ಮುಟ್ಟದೆ ಇಳಿಯಬಹುದು. ನಾನು ಬದಲಾಯಿಸಿದ್ದು ಅದಕ್ಕಾಗಿಯೇ. ಹೈವೇಯಲ್ಲಿ ಏನೂ ಲಾಭ ಆಗಲಿಲ್ಲ, ಹಳೇದರಲ್ಲೂ ಟಾಪ್ 1, ಇದರಲ್ಲೂ ಟಾಪ್ 1.

ಭಟ್ರು ಟ್ರಾನ್ಸ್‌ಫರ್ ಕೇಸಿನ ಬಗ್ಗೆ ಹೇಳಿದ್ದು ಇಲ್ಲಿಗೂ ಸರಿ. ನನ್ನ ಗಾಡಿಗೆ ಆಟೋಮ್ಯಾಟಿಕ್ ಜೊತೆ ಬಂದಿದ್ದು ಎನ್‌ಪಿ203, ಯಾವಾಗಲೂ ನಾಲ್ಕೂ ಚಕ್ರಕ್ಕೆ ಎಳೆತ ಕೊಡುವ ಚೈನಿನ ಕೇಸು. ಅದನ್ನೂ ತೆಗೆದು ಗೇರಿನದೇ ಆದ ಎನ್‌ಪಿ205 ಹಾಕಬೇಕಾಯಿತು. ಎನ್‌ಪಿ205 ಅಂತ ಸಿಕ್ಕಿದ್ದೆಲ್ಲ ಕೂರುವುದೂ ಇಲ್ಲ. ಆಟೋಮ್ಯಾಟಿಕ್ ಹಿಂದೆ ಇದ್ದ 205ರ ಇನ್‌ಪುಟ್ ಸ್ಪ್ಲೈನ್ ಬೇರೆ, ಎಸ್‌ಎಂ465ರ ಹಿಂದೆ ಇದ್ದುದು ಬೇರೆ. ಅದಕ್ಕೇ ನಾನು ಬಾಕ್ಸು, ಅಡಾಪ್ಟರು, ಟ್ರಾನ್ಸ್‌ಫರ್ ಕೇಸು ಮೂರನ್ನೂ ಬಿಚ್ಚದೆ ಒಂದೇ ಹಳೇ ಗಾಡಿಯಿಂದ ತಂದೆ. ಜೊತೆಗೆ ಅದೇ ಗಾಡಿಯ ಕ್ಲಚ್ ಪೆಡಲ್, ಕ್ಲಚ್ಚಿನ ಅಡ್ಡ ರಾಡು, ಫ್ಲೈವೀಲ್, ಬೆಲ್ ಹೌಸಿಂಗ್, ಕ್ರಾಸ್ ಮೆಂಬರ್, ಎರಡೂ ಪ್ರೊಪೆಲ್ಲರ್ ಶಾಫ್ಟ್, ಫ್ಲೋರಿನ ಎತ್ತರದ ಕವರ್ ಕೂಡ. ಬೋಲ್ಟುಗಳನ್ನೂ ಡಬ್ಬಿಯಲ್ಲಿ ಹಾಕಿಕೊಂಡು ಬಂದೆ. ಗುಜರಿಯವನು ನಕ್ಕ. ಬಾಕ್ಸಿನ ಬೆಲೆಗಿಂತ ಈ ಚಿಲ್ಲರೆ ಸಾಮಾನೇ ಆಮೇಲೆ ದುಬಾರಿ ಬೀಳುತ್ತದೆ.

ಇನ್ನೊಂದು ವಿಷಯ, ಆಟೋಮ್ಯಾಟಿಕ್ ತೆಗೆಯುವವರಿಗೆ ಮಾತ್ರ. ಸ್ಟಾರ್ಟರಿನ ವೈರು ಪಾರ್ಕ್-ನ್ಯೂಟ್ರಲ್ ಸ್ವಿಚ್ ಮೂಲಕ ಹೋಗಿರುತ್ತದೆ. ಆ ಸ್ವಿಚ್ ಬಾಕ್ಸಿನ ಜೊತೆ ಹೋದರೆ ಸೆಲ್ಫ್ ಹೊಡೆಯುವುದಿಲ್ಲ. ಅದನ್ನು ಕ್ಲಚ್ ಪೆಡಲಿನ ಸ್ವಿಚ್ಚಿಗೆ ಜೋಡಿಸಬೇಕು. ಸುಮ್ನೆ ನೇರ ಮಾಡಿಬಿಟ್ಟರೆ ಗೇರಿನಲ್ಲಿದ್ದಾಗ ಕೀ ತಿರುಗಿಸಿದರೂ ಗಾಡಿ ಜಿಗಿಯುತ್ತದೆ.

ಹ್ಯಾಂಡ್‌ಪೋಸ್ಟ್ ಅವರೇ, ನಿಮ್ಮ ಸ್ಪೈಸರ್ 18ಕ್ಕೆ ಇಲ್ಲಿನವರು ಇನ್ನೊಂದು ದಾರಿ ಹಿಡಿಯುತ್ತಾರೆ. ಭಟ್ರು ಹೇಳಿದ ಅದೇ ಪಿಟಿಒ ಕಿಂಡಿಯಲ್ಲಿ ಕೂರುವ ಹೆಚ್ಚುವರಿ ಗೇರಿನ ಪೆಟ್ಟಿಗೆ, ಓವರ್‌ಡ್ರೈವ್ ಸಿಗುತ್ತದೆ. ವಾರ್ನ್, ಸ್ಯಾಟರ್ನ್ ಹೆಸರಿನವು. ಎಂಜಿನ್ ಸುತ್ತು 25 ಶೇಕಡಾ ಇಳಿಯುತ್ತದೆ. ಬಾಕ್ಸ್ ಮುಟ್ಟಬೇಕಾಗಿಲ್ಲ, ಶಾಫ್ಟ್ ಕತ್ತರಿಸಬೇಕಾಗಿಲ್ಲ. ಮೂರು ಗೇರಿಗೂ ಕೆಲಸ ಮಾಡುವುದರಿಂದ ಲೆಕ್ಕಕ್ಕೆ ಆರು ಗೇರು ಆಗುತ್ತದೆ. ಆದರೆ ಟ್ರಾನ್ಸ್‌ಫರ್ ಕೇಸಿನ ಮೊದಲ ಗೇರಿನ ಹಲ್ಲು ಎಣಿಸಿಯೇ ತರಿಸಬೇಕು, ಎರಡು ಮೂರು ತರಹ ಇವೆ.

ಹ್ಯಾಂಡ್‌ಪೋಸ್ಟ್ ಹುಡುಗ:

ಭಟ್ರೇ, ನೀವು ಹೇಳಿದ್ದನ್ನೆಲ್ಲ ಮಾಡಿದೆ. ಗ್ಯಾರೇಜಿನವರಿಗೆ ಸದ್ಯಕ್ಕೆ ಬೇಡ ಅಂತ ಹೇಳಿಯೂ ಆಯಿತು.

ಶಾಫ್ಟ್ ಐದು ಸುತ್ತು ದಾಟಿ ಮೂರನೇ ಒಂದರಷ್ಟು ಬಂತು. ಅಂದರೆ 5.38. ಪಿಟಿಒ ಕವರ್ ತೆಗೆದರೆ ಒಳಗಿನ ನಟ್ಟಿಗೆ ಸ್ಪ್ಲಿಟ್ ಪಿನ್ನೇ ಇಲ್ಲ! ಪಾನಾ ಹಾಕಿದರೆ ಮುಕ್ಕಾಲು ಸುತ್ತು ಸುಲಭವಾಗಿ ತಿರುಗಿತು. ಮೇಲಿನ ಕವರಿನಲ್ಲಿ ಒಂದು ಸ್ಪ್ರಿಂಗ್ ಎರಡು ತುಂಡಾಗಿತ್ತು. ಬೆಲ್ ಹೌಸಿಂಗ್ ಬೋಲ್ಟು ಬಿಗಿ ಇದ್ದವು. ಫಸ್ಟ್ ವಿಷಯ ಅಪ್ಪನ ಹತ್ತಿರ ಕೇಳಿದೆ. "ಇಷ್ಟು ದಿನ ಅದನ್ನೇ ಹೇಳಿದ್ದು, ನೀನು ಕಿವಿಯಿಂದ ಇಯರ್‌ಫೋನ್ ತೆಗೆಯಲಿಲ್ಲ" ಅಂದರು. ಕ್ಲಚ್ ಫ್ರೀ ಪ್ಲೇ ಸರಿ ಮಾಡಿದ ಮೇಲೆ ಸದ್ದಿಲ್ಲ.

ಸ್ಪ್ರಿಂಗ್, ಪಿನ್ ಹೊಸದು ಹಾಕಿ ತೋಟದ ಇಳಿಜಾರಿನಲ್ಲಿ ನೋಡಿದೆವು. ಮೊದಲಿನ ಹಾಗೆ ಹಾರುವುದಿಲ್ಲ. ಆದರೆ ಲೋಡ್ ಇದ್ದಾಗ, ಎಣ್ಣೆ ಬಿಸಿಯಾದ ಮೇಲೆ, ಆಗೊಮ್ಮೆ ಈಗೊಮ್ಮೆ ಹಾರುತ್ತದೆ. ಲಿವರ್ ನಡುಗುವುದು ಕಾಣಿಸುತ್ತದೆ. ಬಾಕ್ಸ್ ಇಳಿಸುವುದೇ ಅಂತ ತೀರ್ಮಾನ ಮಾಡಿದ್ದೇವೆ. ಏನೇನು ಬದಲಾಯಿಸಬೇಕು? ಎಣ್ಣೆ ಯಾವುದು? ಈಗ ಇರುವುದು ಯಾವುದೋ ಕ್ಯಾನಿನ ಗೇರ್ ಆಯಿಲ್, ಅಪ್ಪನಿಗೂ ನೆನಪಿಲ್ಲ.

ಲೇತ್ ಭಟ್ಟ, ಸಾಗರ:

ಪಿನ್ ಇಲ್ಲದ ನಟ್ಟು! ಯಾರೋ ಹಿಂದೆ ಬಿಚ್ಚಿ ಹಾಗೇ ಮುಚ್ಚಿದ್ದಾರೆ. ಅಷ್ಟು ಆಟ ಇಟ್ಟುಕೊಂಡು ಓಡಿದ್ದರಿಂದ ಸೆಕೆಂಡಿನ ಹಲ್ಲು ಸವೆದಿರುತ್ತದೆ, ಅದಕ್ಕೇ ಇನ್ನೂ ಹಾರುತ್ತಿರುವುದು. ಇಳಿಸುವ ತೀರ್ಮಾನ ಸರಿ.

ಇಳಿಸುವಾಗ ಟ್ರಾನ್ಸ್‌ಫರ್ ಕೇಸ್ ಸಮೇತ ಇಳಿಸಿ, ಕೆಳಗೆ ತಂದ ಮೇಲೆ ಬೇರೆ ಮಾಡಿ. ಟ್ರಾಲಿ ಜಾಕ್ ಬೇಕೇ ಬೇಕು, ಎರಕದ ಬಾಕ್ಸು, ಎದೆಯ ಮೇಲೆ ಇಳಿಸಿಕೊಳ್ಳುವ ಸಾಹಸ ಬೇಡ. ಬಿಚ್ಚುವಾಗ ಕೆಳಗಿನ ಕ್ಲಸ್ಟರ್ ಗೇರಿನ ಸೂಜಿ ರೋಲರುಗಳು ಉದುರುತ್ತವೆ. ಕ್ಲಸ್ಟರ್ ಶಾಫ್ಟಿನಷ್ಟೇ ದಪ್ಪದ, ಗೇರಿನಷ್ಟೇ ಉದ್ದದ ಒಂದು ಡಮ್ಮಿ ಶಾಫ್ಟನ್ನು ಲೇತಿನಲ್ಲಿ ಮಾಡಿಸಿಟ್ಟುಕೊಳ್ಳಿ. ನಿಜವಾದ ಶಾಫ್ಟನ್ನು ಇದರಿಂದಲೇ ತಳ್ಳುತ್ತಾ ಹೊರಗೆ ಕಳಿಸಿದರೆ ರೋಲರುಗಳು ಜಾಗದಲ್ಲೇ ಇರುತ್ತವೆ. ಜೋಡಿಸುವಾಗಲೂ ಅದೇ, ಗ್ರೀಸ್ ಹಚ್ಚಿ ರೋಲರ್ ನಿಲ್ಲಿಸಿ, ಉಲ್ಟಾ ತಳ್ಳುವುದು.

ಸೆಕೆಂಡ್ ಗೇರು ಮತ್ತು ಸ್ಲೀವು ಜೋಡಿಯಾಗಿಯೇ ಬದಲಾಯಿಸಿ. ಒಂದು ಹೊಸದು ಒಂದು ಹಳೇದು ಹಾಕಿದರೆ ಹಳೇದು ಹೊಸದನ್ನು ತನ್ನ ಹಾಗೆ ಮಾಡಿಕೊಳ್ಳುತ್ತದೆ. ಸಿಂಕ್ರೊ ರಿಂಗನ್ನು ಗೇರಿನ ಕೋನಿನ ಮೇಲೆ ಕೈಯಲ್ಲಿ ಒತ್ತಿ ತಿರುಗಿಸಿ ನೋಡಿ. ಕಚ್ಚದೆ ಜಾರಿದರೆ ಎಸೆಯಿರಿ. ಬೇರಿಂಗ್ ಎಲ್ಲ ಹೊಸದು, ಹಿತ್ತಾಳೆಯ ಥ್ರಸ್ಟ್ ವಾಷರ್ ಹೊಸದು, ಸೆಲೆಕ್ಟರ್ ಫೋರ್ಕಿನ ತುದಿ ಸವೆದಿದ್ದರೆ ಅದೂ. ಬಾಕ್ಸ್ ಹೇಗೂ ಕೆಳಗಿರುವಾಗ ಕ್ಲಚ್ ಪ್ಲೇಟು, ರಿಲೀಸ್ ಬೇರಿಂಗು, ಫ್ಲೈವೀಲಿನ ನಡುವಿನ ಸ್ಪಿಗಾಟ್ ಬುಷ್ಷು ಮೂರನ್ನೂ ಹಾಕಿಬಿಡಿ. ಬುಷ್ ಚಿಕ್ಕದು, ನಾಲ್ಕು ಕಾಸಿನದು. ಆದರೆ ಅದು ಸವೆದಿದ್ದರೆ ಇನ್‌ಪುಟ್ ಶಾಫ್ಟಿನ ಮೂತಿ ಅಲ್ಲಾಡುತ್ತದೆ, ಮಾಡಿದ ಕೆಲಸ ಎಲ್ಲ ವ್ಯರ್ಥ.

ಬಹಳ ಜನ ಬಿಡುವ ಕೆಲಸ ಒಂದಿದೆ. ಬೆಲ್ ಹೌಸಿಂಗಿನ ದೊಡ್ಡ ತೂತು ಕ್ರ್ಯಾಂಕಿಗೆ ಸರಿಯಾಗಿ ನಡುವಿನಲ್ಲಿದೆಯಾ ಅಂತ ನೋಡುವುದು. ಫ್ಲೈವೀಲಿಗೆ ಡಯಲ್ ಗೇಜ್ ಕಚ್ಚಿಸಿ, ಅದರ ಮುಳ್ಳು ಆ ತೂತಿನ ಒಳಗೋಡೆಗೆ ತಾಗುವಂತೆ ಇಟ್ಟು ಎಂಜಿನ್ ಕೈಯಲ್ಲಿ ತಿರುಗಿಸಿ. ಮುಳ್ಳು 5 ಥೌಗಿಂತ (ಇಂಚಿನ ಸಾವಿರದಲ್ಲಿ ಐದು ಭಾಗ) ಜಾಸ್ತಿ ಓಡಬಾರದು. ಓಡಿದರೆ ಹೊಸ ಗೇರ್ ಹಾಕಿದರೂ ಹಾರುತ್ತದೆ. ಹತ್ತಿರದ ಯಾವ ಲೇತಿನವರ ಹತ್ತಿರ ಕೇಳಿದರೂ ಗೇಜ್ ಇರುತ್ತದೆ.

ಟ್ರಾನ್ಸ್‌ಫರ್ ಕೇಸಿನ ಇಂಟರ್‌ಮೀಡಿಯೇಟ್ ಶಾಫ್ಟ್ ಕೂಡ ಹೊರಗೆ ತೆಗೆದು ಉಗುರಿನಲ್ಲಿ ಗೀಚಿ ನೋಡಿ. ರೋಲರ್ ಓಡಿದಲ್ಲಿ ಗುಳಿ ಬಿದ್ದಿರುತ್ತದೆ, ಈ ವಯಸ್ಸಿನ ಜೀಪಿನಲ್ಲಿ ಬೀಳದೆ ಇರುವುದಿಲ್ಲ. ಸಿಜೆ-3ಬಿ ಅಂತ ಹೇಳಿ ಕೇಳಿದರೆ ಸಾಲದು. ಒಂದೂ ಎಂಟನೇ ಒಂದು ಇಂಚಿನದೂ ಇದೆ, ಒಂದೂಕಾಲು ಇಂಚಿನದೂ ಇದೆ.

ಎಣ್ಣೆ ಜಿಎಲ್-4, 80ಡಬ್ಲ್ಯು-90. ಬಾಕ್ಸಿಗೂ ಅದೇ, ಟ್ರಾನ್ಸ್‌ಫರ್ ಕೇಸಿಗೂ ಅದೇ. ಅಂಗಡಿಯವರು ಜಿಎಲ್-5 ಕೊಟ್ಟು "ಇನ್ನೂ ಒಳ್ಳೇದು" ಅಂದರೆ ಬೇಡ ಅನ್ನಿ. ಅದು ಆಕ್ಸಲಿಗೆ ಒಳ್ಳೇದು. ಅದರಲ್ಲಿರುವ ಗಂಧಕದ ಮದ್ದು ಜಾಸ್ತಿ, ಹಿತ್ತಾಳೆಯ ಸಿಂಕ್ರೊ ರಿಂಗಿಗೆ ಆಗಿಬರುವುದಿಲ್ಲ. ಮತ್ತೆ ಈ ಬಾಕ್ಸು ಮತ್ತು ಟ್ರಾನ್ಸ್‌ಫರ್ ಕೇಸು ಅತ್ತೆ ಸೊಸೆ ಇದ್ದ ಹಾಗೆ, ಒಬ್ಬರದು ಇನ್ನೊಬ್ಬರ ಮನೆಗೆ ಹೋಗುತ್ತಲೇ ಇರುತ್ತದೆ. ನಡುವಿನ ಸೀಲ್ ಸವೆದರೆ ಎಣ್ಣೆ ಅತ್ತಿತ್ತ ಓಡಿ ಒಂದು ತುಂಬಿ ಇನ್ನೊಂದು ಒಣಗುತ್ತದೆ. ಸೀಲ್ ಹೊಸದು ಹಾಕಿ. ಹಾಕಿದ ಮೇಲೂ ಲೆವೆಲ್ ನೋಡುವಾಗ ಎರಡೂ ಪ್ಲಗ್ ಬಿಚ್ಚಿ ನೋಡಿ.

ಹ್ಯಾಂಡ್‌ಪೋಸ್ಟ್ ಹುಡುಗ:

ಬಹಳ ಉಪಕಾರ ಆಯಿತು ಭಟ್ರೇ. ಡೆನ್ವರ್ ಅಣ್ಣ ಹೇಳಿದ ಓವರ್‌ಡ್ರೈವ್ ಬಗ್ಗೆ ನಿಮ್ಮ ಅಭಿಪ್ರಾಯ ಏನು? ಬಾಕ್ಸ್ ಬಿಚ್ಚಿರುವಾಗಲೇ ಅದನ್ನೂ ಹಾಕಿಬಿಡೋಣ ಅನಿಸುತ್ತಿದೆ. ಸಾಮಾನು ತರಲು ಬೆಂಗಳೂರಿನ ಜೆ.ಸಿ. ರೋಡಿಗೆ ಹೋಗುವವನಿದ್ದೇನೆ.

ಲೇತ್ ಭಟ್ಟ, ಸಾಗರ:

ಓವರ್‌ಡ್ರೈವ್ ಒಳ್ಳೇ ಸಾಮಾನು, ಅದರಲ್ಲಿ ಎರಡು ಮಾತಿಲ್ಲ. ಹೈವೇಗೆ ನಿಮಗೆ ಬೇಕಾಗಿರುವುದು ನಿಜಕ್ಕೂ ಅದೇ, ಐದು ಗೇರಿನ ಬಾಕ್ಸ್ ಅಲ್ಲ. ಅರವತ್ತಕ್ಕೆ 2400 ಇದ್ದದ್ದು 1800 ಆಗುತ್ತದೆ. ಆದರೆ ಸಮತಟ್ಟು ರಸ್ತೆಗೆ ಮಾತ್ರ. ಬೇಲೂರು ಕಡೆಯ ಸಣ್ಣ ಏರಿಗೂ ತೆಗೆಯಬೇಕಾಗುತ್ತದೆ. ಅಮೆರಿಕದಿಂದ ತರಿಸಬೇಕು, ಕಸ್ಟಮ್ಸ್ ಸೇರಿ ಬೆಲೆ ಕೇಳಿ ಆಮೇಲೆ ಯೋಚಿಸಿ. ಅದಕ್ಕಾಗಿ ಬಾಕ್ಸ್ ಬಿಚ್ಚಿಟ್ಟು ಕಾಯುವುದು ಬೇಡ, ಯಾವಾಗ ಬೇಕಾದರೂ ಹಿಂದಿನ ಕಿಂಡಿಯಿಂದಲೇ ಹಾಕಬಹುದು.

ಅದಕ್ಕೂ ಮೊದಲು ನಾಲ್ಕೂ ಡ್ರಮ್ ಬಿಚ್ಚಿ ವೀಲ್ ಸಿಲಿಂಡರ್ ನೋಡಿ, ಬ್ರೇಕ್ ಹೋಸ್ ಹೊಸದು ಹಾಕಿಸಿ. ಜೆ.ಸಿ. ರೋಡಿಗೆ ಹೋಗುವಾಗ ಹಳೇ ಇಂಟರ್‌ಮೀಡಿಯೇಟ್ ಶಾಫ್ಟು, ಸೆಕೆಂಡ್ ಗೇರು, ಸ್ಲೀವು ಚೀಲದಲ್ಲಿ ಹಾಕಿಕೊಂಡೇ ಹೋಗಿ, ಒಂದು ವರ್ನಿಯರ್ ಕೂಡ ಇರಲಿ. ಮೊಬೈಲಿನ ಫೋಟೋದಲ್ಲಿ ಎಂಟನೇ ಒಂದು ಇಂಚು ಕಾಣುವುದಿಲ್ಲ.